ಫಾರ್ಮ್ಯಾಟ್ ಮಾಡುವ ಮುನ್ನ: ಎರಡನೇ ಓಎಸ್ ತೆಗೆದ ಕಂಪ್ಯೂಟರಿನ ಬೂಟ್ ಸಮಸ್ಯೆ

ಎರಡು ಆಪರೇಟಿಂಗ್ ಸಿಸ್ಟಂಗಳಿದ್ದ ಲ್ಯಾಪ್‌ಟಾಪಿನಿಂದ ಒಂದನ್ನು ತೆಗೆದ ಕೂಡಲೇ ಇನ್ನೊಂದೂ ಏಳದೆ ಕೂರುವುದು ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ರಿಪೇರಿ ಅಂಗಡಿಗಳವರಿಗೂ ಹಳೆಯ ಪರಿಚಯ. ಲ್ಯಾಬ್ ಕೆಲಸಕ್ಕೆಂದು ವಿಂಡೋಸ್ ಪಕ್ಕದಲ್ಲಿ ಉಬುಂಟು ಹಾಕಿಕೊಂಡಿರುತ್ತಾರೆ. ಸೆಮಿಸ್ಟರ್ ಮುಗಿದ ಮೇಲೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಉಬುಂಟು ಇದ್ದ ಪಾರ್ಟಿಷನ್ನನ್ನು ಡಿಲೀಟ್ ಮಾಡುತ್ತಾರೆ. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆಯ ಮೇಲೆ ‘ಅಂಥ ಪಾರ್ಟಿಷನ್ ಇಲ್ಲ’ ಎಂಬ ಇಂಗ್ಲಿಷ್ ಸಾಲು, ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಪದ. ವಿಂಡೋಸ್ ಎಲ್ಲಿ ಹೋಯಿತೆಂದು ತಿಳಿಯದೆ ಅಂಗಡಿಗೆ ಒಯ್ದರೆ ಬಹಳ ಕಡೆ ಕೇಳಿಬರುವುದು ಒಂದೇ ಮಾತು: ‘ಓಎಸ್ ಹೋಗಿದೆ, ಫಾರ್ಮ್ಯಾಟ್ ಹೊಡೀಬೇಕು.’

ಈ ಸ್ಥಿತಿಯಲ್ಲಿ ವಿಂಡೋಸ್ ಎಲ್ಲಿಗೂ ಹೋಗಿರುವುದಿಲ್ಲ. ಅದರ ಕಡತಗಳು, ಬಳಕೆದಾರರ ಫೋಟೊಗಳು, ಪ್ರಾಜೆಕ್ಟ್ ವರದಿಗಳು, ಪ್ರಬಂಧಗಳು ಎಲ್ಲವೂ ಡಿಸ್ಕಿನಲ್ಲಿ ಇದ್ದಲ್ಲೇ ಇರುತ್ತವೆ. ಅಲ್ಲಿಗೆ ಯಂತ್ರವನ್ನು ಕರೆದೊಯ್ಯುವ ಕೆಲವೇ ಕಿಲೋಬೈಟ್‌ಗಳ ಪ್ರೋಗ್ರಾಂ ಮಾತ್ರ ದಾರಿ ತಪ್ಪಿರುತ್ತದೆ. ಅದನ್ನು ಸರಿಪಡಿಸಲು ಗೊತ್ತಿದ್ದವರಿಗೆ ಕಾಲು ಗಂಟೆ ಸಾಕು. ಆದರೂ ಅಷ್ಟಕ್ಕಾಗಿ ಇಡೀ ಡಿಸ್ಕನ್ನು ಒರೆಸಿಹಾಕುವ ರೂಢಿ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಅನಗತ್ಯವಾಗಿ ಹೀಗೆ ಅಳಿಸಿಹೋದ ಕೆಲಸವನ್ನು ನೆನೆದರೆ ಸಂಕಟವಾಗುತ್ತದೆ. ಸಮಸ್ಯೆಯ ಬೇರು ಎಲ್ಲಿದೆ, ದುರಸ್ತಿಯ ದಾರಿಗಳು ಯಾವುವು, ಅವುಗಳಲ್ಲಿ ಯಾವುದು ಇಂದಿಗೂ ಸಲ್ಲುತ್ತದೆ, ಯಾವುದಕ್ಕೆ ಕಾಲ ಮುಗಿದಿದೆ ಎಂಬುದನ್ನು ಒಮ್ಮೆ ಪೂರ್ತಿಯಾಗಿ ನೋಡುವುದು ಒಳ್ಳೆಯದು.

ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಫರ್ಮ್‌ವೇರ್. ಹಳೆಯ ಬಯೋಸ್ ಯಂತ್ರಗಳಲ್ಲಿ ಅದು ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು, ಎಂದರೆ ಬರೀ 512 ಬೈಟ್‌ಗಳನ್ನು, ಮೆಮೊರಿಗೆ ಎತ್ತಿಕೊಂಡು ಮುಂದಿನದನ್ನೆಲ್ಲ ಅದರ ಕೈಗೆ ಒಪ್ಪಿಸುತ್ತದೆ. 1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದ ಈ ಸೆಕ್ಟರಿಗೆ ಮಾಸ್ಟರ್ ಬೂಟ್ ರೆಕಾರ್ಡ್, ಚಿಕ್ಕದಾಗಿ ಎಂಬಿಆರ್, ಎಂದು ಹೆಸರು. 512ರಲ್ಲಿ ಪ್ರೋಗ್ರಾಂಗೆ ಸಿಗುವುದು 446 ಬೈಟ್. ಇನ್ನು 64 ಬೈಟ್‌ಗಳಲ್ಲಿ ನಾಲ್ಕು ಪಾರ್ಟಿಷನ್‌ಗಳ ವಿವರ, ಕೊನೆಯ 2 ಬೈಟ್ ಗುರುತಿನ ಮುದ್ರೆ. ಇಡೀ ಯಂತ್ರದಲ್ಲಿ ಈ ಜಾಗ ಒಂದೇ ಒಂದು. ಎರಡು ಓಎಸ್‌ಗಳಿದ್ದರೆ ಇಬ್ಬರಲ್ಲಿ ಒಬ್ಬರಷ್ಟೇ ಅಲ್ಲಿ ಕೂರಬಹುದು. ಮುಂದಿನ ತೊಡಕುಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ವಿಂಡೋಸ್ ಅಲ್ಲಿ ಇಡುವ ಪ್ರೋಗ್ರಾಂ ಸರಳವಾದದ್ದು. ‘ಆ್ಯಕ್ಟಿವ್’ ಎಂಬ ಗುರುತಿರುವ ಪಾರ್ಟಿಷನ್ ಯಾವುದೆಂದು ನೋಡಿ ಅದರ ಮೊದಲ ಸೆಕ್ಟರಿಗೆ ಕೆಲಸ ವಹಿಸುತ್ತದೆ, ಅಷ್ಟೆ. ಲಿನಕ್ಸ್ ಲೋಕದ ಗ್ರಬ್ ಇದಕ್ಕಿಂತ ದೊಡ್ಡ ಹೊರೆ ಹೊತ್ತದ್ದು. ಎರಿಕ್ ಬೋಲಿನ್ 1995ರಲ್ಲಿ ಗ್ನೂ ಹರ್ಡ್ ಯೋಜನೆಗಾಗಿ ಬರೆಯಲು ತೊಡಗಿದ ಈ ಬೂಟ್‌ಲೋಡರ್ ಹಲವು ಓಎಸ್‌ಗಳನ್ನು ಒಂದೇ ಪಟ್ಟಿಯಲ್ಲಿ ತೋರಿಸಬಲ್ಲದು, ಹಲವು ಬಗೆಯ ಫೈಲ್ ಸಿಸ್ಟಂಗಳನ್ನು ಓದಬಲ್ಲದು. ಇಷ್ಟೆಲ್ಲ 446 ಬೈಟ್‌ಗಳಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಇಂದಿನ ಗ್ರಬ್ ಮೂರು ಕಡೆ ಹಂಚಿಕೊಂಡು ಕೂರುತ್ತದೆ: ಒಂದು ಚೂರು ಎಂಬಿಆರ್‌ನಲ್ಲಿ, ಎರಡನೆಯದು ಎಂಬಿಆರ್‌ಗೂ ಮೊದಲ ಪಾರ್ಟಿಷನ್ನಿಗೂ ನಡುವಿನ ಖಾಲಿ ಸೆಕ್ಟರುಗಳಲ್ಲಿ, ಮೂರನೆಯದೂ ದೊಡ್ಡದೂ ಆದ ಭಾಗ ಲಿನಕ್ಸ್ ಪಾರ್ಟಿಷನ್ನಿನ ಒಳಗೆ. ಬೂಟ್ ಪಟ್ಟಿ, ಬಗೆಬಗೆಯ ಮಾಡ್ಯೂಲುಗಳು, ವಿಂಡೋಸನ್ನು ಕರೆಯುವ ವಿದ್ಯೆ ಎಲ್ಲವೂ ಈ ಮೂರನೆಯ ಭಾಗದಲ್ಲಿ. ಪಾರ್ಟಿಷನ್ ಡಿಲೀಟ್ ಆದಾಗ ಹೋಗುವುದು ಇದೇ. ಮೊದಲ ಎರಡು ಚೂರು ಉಳಿದುಕೊಂಡು, ಎದ್ದು, ಮೂರನೆಯದನ್ನು ಹುಡುಕಿ, ಸಿಗದೆ ರೆಸ್ಕ್ಯೂ ಪರದೆಯಲ್ಲಿ ನಿಲ್ಲುತ್ತವೆ. ಆ ಪರದೆಯಲ್ಲಿ ಬೆರಳೆಣಿಕೆಯ ಆದೇಶಗಳಷ್ಟೇ ನಡೆಯುತ್ತವೆ. ವಿಂಡೋಸನ್ನು ಕರೆಯಲು ಬೇಕಾದ ಮಾಡ್ಯೂಲು ಅಳಿಸಿದ ಪಾರ್ಟಿಷನ್ನಿನಲ್ಲೇ ಇದ್ದುದರಿಂದ ಅಲ್ಲಿ ಏನು ಟೈಪ್ ಮಾಡಿದರೂ ವಿಂಡೋಸ್ ಬರುವುದಿಲ್ಲ.

ಲಿನಕ್ಸನ್ನು ಅಳಿಸದೆಯೂ ಇದೇ ಪರದೆ ಬರಬಹುದು. ಹಳೆಯ ಪದ್ಧತಿಯ ಲಾಜಿಕಲ್ ಪಾರ್ಟಿಷನ್‌ಗಳಲ್ಲಿ ಐದನೆಯದನ್ನು ತೆಗೆದರೆ ಆರನೆಯದಕ್ಕೆ ಐದು ಎಂಬ ಸಂಖ್ಯೆ ಬರುತ್ತದೆ, ಗ್ರಬ್ ಹಳೆಯ ಸಂಖ್ಯೆಯನ್ನೇ ಹುಡುಕುತ್ತಿರುತ್ತದೆ. ಆಗ ಮಾತ್ರ ಹೊಸ ಸಂಖ್ಯೆಯನ್ನು ತಿಳಿಸಿ ‘ನಾರ್ಮಲ್’ ಮಾಡ್ಯೂಲನ್ನು ಕರೆದರೆ ಅಲ್ಲಿಂದಲೇ ಮುಂದುವರಿಯಬಹುದು.

ಕಳೆದ ಹತ್ತು–ಹನ್ನೆರಡು ವರ್ಷಗಳಲ್ಲಿ ಕೊಂಡ ಲ್ಯಾಪ್‌ಟಾಪುಗಳಲ್ಲಿ ಚಿತ್ರ ಬೇರೆ. ಇಂಟೆಲ್ ತನ್ನ ಐಟೇನಿಯಂ ಪ್ರೊಸೆಸರುಗಳಿಗೆಂದು ರೂಪಿಸಿದ ಇಎಫ್‌ಐ ಎಂಬ ಫರ್ಮ್‌ವೇರ್ ವಿಧಾನ 2005ರಲ್ಲಿ ಯುಇಎಫ್‌ಐ ಫೋರಂ ಎಂಬ ಒಕ್ಕೂಟದ ಕೈಗೆ ಬಂದು, 2012ರ ವಿಂಡೋಸ್ 8ರ ಕಾಲಕ್ಕೆ ಮನೆಮನೆಯ ಯಂತ್ರಗಳಿಗೆ ಇಳಿಯಿತು. ಯುಇಎಫ್‌ಐ ಮೊದಲ ಸೆಕ್ಟರಿನ ಪ್ರೋಗ್ರಾಮನ್ನು ಅವಲಂಬಿಸುವುದಿಲ್ಲ. ಡಿಸ್ಕಿನಲ್ಲಿ ಫ್ಯಾಟ್ 32 ರೂಪದ ಒಂದು ಪುಟ್ಟ ಪಾರ್ಟಿಷನ್ ಇರುತ್ತದೆ, ವಿಂಡೋಸ್ ಮಾಡಿದ್ದಾದರೆ ಸಾಮಾನ್ಯವಾಗಿ 100 ಎಂಬಿ. ಅದನ್ನು ಇಎಫ್‌ಐ ಸಿಸ್ಟಂ ಪಾರ್ಟಿಷನ್ ಎನ್ನುತ್ತಾರೆ. ಮೈಕ್ರೋಸಾಫ್ಟ್‌ಗೆ ಅಲ್ಲಿ ಒಂದು ಫೋಲ್ಡರ್, ಉಬುಂಟುಗೆ ಒಂದು ಫೋಲ್ಡರ್. ಯಾವ ಫೋಲ್ಡರಿನ ಯಾವ ಕಡತವನ್ನು ಮೊದಲು ಓಡಿಸಬೇಕೆಂಬ ಪಟ್ಟಿ ಡಿಸ್ಕಿನಲ್ಲಿರುವುದಿಲ್ಲ, ಮದರ್‌ಬೋರ್ಡಿನ ಮೆಮೊರಿಯಲ್ಲಿರುತ್ತದೆ. ಒಂದೇ ಕುರ್ಚಿಗಾಗಿ ಎರಡು ಓಎಸ್‌ಗಳು ಹೊಡೆದಾಡುವ ಕಾಲ ಇದರಿಂದ ಮುಗಿಯಿತು. ನನ್ನ ಮಟ್ಟಿಗೆ ಪಿಸಿ ಇತಿಹಾಸದಲ್ಲಿ ನಡೆದ ಒಳ್ಳೆಯ ಸುಧಾರಣೆಗಳಲ್ಲಿ ಇದೂ ಒಂದು.

ಆದರೂ ತೊಂದರೆ ಪೂರ್ತಿ ನಿಲ್ಲಲಿಲ್ಲ. ಉಬುಂಟುವಿನ ಪಾರ್ಟಿಷನ್ ಅಳಿಸಿದಾಗ ಇಎಫ್‌ಐ ಪಾರ್ಟಿಷನ್ನಿನಲ್ಲಿರುವ ಅದರ ಫೋಲ್ಡರು ಹಾಗೆಯೇ ಉಳಿಯುತ್ತದೆ, ಮದರ್‌ಬೋರ್ಡಿನ ಪಟ್ಟಿಯಲ್ಲಿ ಅದರ ಹೆಸರು ಮೊದಲ ಸ್ಥಾನದಲ್ಲೇ ಇರುತ್ತದೆ. ಫರ್ಮ್‌ವೇರ್ ಅದನ್ನೇ ಓಡಿಸುತ್ತದೆ, ಗ್ರಬ್ ತನ್ನ ಪಟ್ಟಿಯನ್ನು ಹುಡುಕಿ ಸೋಲುತ್ತದೆ. ಈ ಸಲ ಕಾಣುವುದು ಹೆಚ್ಚಾಗಿ ‘ರೆಸ್ಕ್ಯೂ’ ಇಲ್ಲದ ಬರೀ ‘ಗ್ರಬ್’ ಸಾಲು. ಈ ವ್ಯತ್ಯಾಸವನ್ನು ಗಮನಿಸುವುದು ಬಹಳ ಮುಖ್ಯ, ಏಕೆಂದರೆ ಇಲ್ಲಿ ಗ್ರಬ್ ತನ್ನ ಶಕ್ತಿಯನ್ನು ಬಹುಪಾಲು ಉಳಿಸಿಕೊಂಡಿರುತ್ತದೆ. ‘ಎಕ್ಸಿಟ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಅನೇಕ ಯಂತ್ರಗಳಲ್ಲಿ ಫರ್ಮ್‌ವೇರ್ ಪಟ್ಟಿಯ ಮುಂದಿನ ಹೆಸರಿಗೆ ಹೋಗುತ್ತದೆ, ವಿಂಡೋಸ್ ಎದ್ದು ಬರುತ್ತದೆ. ಬರದಿದ್ದರೆ ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ, ಡೆಲ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಬೇಕು. ಹಾಗೆ ವಿಂಡೋಸ್ ಬಂದರೆ ಸೆಟಪ್ ಪರದೆಯಲ್ಲಿ ಅದೇ ಹೆಸರನ್ನು ಪಟ್ಟಿಯ ಮೇಲಕ್ಕೆ ಏರಿಸುವುದಷ್ಟೇ ಬಾಕಿ. ದುರಸ್ತಿ ಮುಗಿಯಿತು. ಪೆನ್‌ಡ್ರೈವ್ ಬೇಡ, ಆದೇಶಗಳು ಬೇಡ. ಫಾರ್ಮ್ಯಾಟ್ ಆಗುವ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಈ ಒಂದು ಕೀಲಿಯಿಂದ ಬದುಕುತ್ತಿದ್ದವು.

ಅಂಗಡಿಗಳಲ್ಲಿ ನಡೆಯುವ ಇನ್ನೊಂದು ತಪ್ಪನ್ನೂ ಇಲ್ಲೇ ಹೇಳಬೇಕು. ಯಂತ್ರ ಏಳಲಿಲ್ಲವೆಂದು ಸೆಟಪ್ಪಿನಲ್ಲಿ ಯುಇಎಫ್‌ಐ ಬಿಟ್ಟು ‘ಲೆಗಸಿ’ಗೆ ಬದಲಾಯಿಸುತ್ತಾರೆ. ಯುಇಎಫ್‌ಐನಲ್ಲಿ ಹಾಕಿದ ವಿಂಡೋಸ್ ಲೆಗಸಿಯಲ್ಲಿ ಏಳುವುದಿಲ್ಲ. ‘ಬೂಟ್ ಆಗುವ ಡಿಸ್ಕೇ ಇಲ್ಲ’ ಎಂಬ ಸಂದೇಶ ಬರುತ್ತದೆ, ಹಾರ್ಡ್‌ಡಿಸ್ಕೇ ಕೆಟ್ಟಿದೆ ಎಂಬ ತೀರ್ಪು ಹೊರಬೀಳುತ್ತದೆ. ಸೆಟಪ್ ಮೊದಲು ಹೇಗಿತ್ತು ಎಂಬುದನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಆಮೇಲೆ ಕೈ ಹಾಕುವುದು ಕ್ಷೇಮ.

ವಿಂಡೋಸಿನ ಕಡೆಯಿಂದ ಮಾಡುವ ದುರಸ್ತಿಗೂ ಒಂದು ಇತಿಹಾಸವಿದೆ. ಅದನ್ನು ತಿಳಿಯದಿದ್ದರೆ ಹಳೆಯ ಸಲಹೆ ಹೊಸ ಯಂತ್ರಕ್ಕೆ ಬಿದ್ದು ಗೊಂದಲವಾಗುತ್ತದೆ. ಡಾಸ್ ಕಾಲದಲ್ಲಿ ಎಫ್‌ಡಿಸ್ಕ್ ಪ್ರೋಗ್ರಾಮಿಗೆ ‘ಎಂಬಿಆರ್’ ಎಂಬ ಬಾಲ ಸೇರಿಸಿದರೆ ಮೊದಲ ಸೆಕ್ಟರಿನ ಪ್ರೋಗ್ರಾಂ ಹೊಸದಾಗುತ್ತಿತ್ತು. ವಿಂಡೋಸ್ ಎಕ್ಸ್‌ಪಿಯ ಸಿಡಿಯಲ್ಲಿ ರಿಕವರಿ ಕನ್ಸೋಲ್ ಇತ್ತು, ಅದರಲ್ಲಿ ಫಿಕ್ಸ್‌ಎಂಬಿಆರ್ ಮತ್ತು ಫಿಕ್ಸ್‌ಬೂಟ್ ಆದೇಶಗಳಿದ್ದವು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾ ಹಳೆಯ ಎನ್‌ಟಿಎಲ್‌ಡಿಆರ್ ಮತ್ತು ಬೂಟ್ ಡಾಟ್ ಐಎನ್‌ಐ ಕಡತವನ್ನು ಕೈಬಿಟ್ಟು, ಬೂಟ್ ಮ್ಯಾನೇಜರನ್ನೂ ಬಿಸಿಡಿ ಎಂಬ ದತ್ತಾಂಶ ಕಡತವನ್ನೂ ತಂದಿತು. ಜೊತೆಗೆ ಬಂದದ್ದು ಬೂಟ್‌ರೆಕ್ ಎಂಬ ಉಪಕರಣ. ವಿಂಡೋಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ‘ರಿಪೇರ್ ಯುವರ್ ಕಂಪ್ಯೂಟರ್’ ಆರಿಸಿ, ಕಮಾಂಡ್ ಪ್ರಾಂಪ್ಟಿನಲ್ಲಿ ಬೂಟ್‌ರೆಕ್‌ಗೆ ಫಿಕ್ಸ್‌ಎಂಬಿಆರ್ ಎಂದು ಹೇಳಿದರೆ ಮೊದಲ ಸೆಕ್ಟರಿನ ಗ್ರಬ್ ಚೂರು ಅಳಿದು ವಿಂಡೋಸಿನ ಪ್ರೋಗ್ರಾಂ ಬರುತ್ತದೆ. ಪಾರ್ಟಿಷನ್ ಪಟ್ಟಿ ಮುಟ್ಟದೆ ಉಳಿಯುತ್ತದೆ. ಬಯೋಸ್ ಯಂತ್ರಗಳಿಗೆ ಇಂದಿಗೂ ಇದೇ ಸರಿಯಾದ ಮದ್ದು.

ಯುಇಎಫ್‌ಐ ಯಂತ್ರದಲ್ಲಿ ಇದೇ ಆದೇಶ ಕೊಟ್ಟರೆ ‘ಯಶಸ್ವಿಯಾಗಿದೆ’ ಎಂದು ಉತ್ತರ ಬರುತ್ತದೆ, ಯಂತ್ರ ಮಾತ್ರ ಮೊದಲಿನಂತೆಯೇ ಇರುತ್ತದೆ. ಆ ಯಂತ್ರ ಮೊದಲ ಸೆಕ್ಟರಿನ ಪ್ರೋಗ್ರಾಮನ್ನು ಓಡಿಸುವುದೇ ಇಲ್ಲವಲ್ಲ! ಮುಂದೆ ಫಿಕ್ಸ್‌ಬೂಟ್ ಪ್ರಯತ್ನಿಸಿದರೆ ವಿಂಡೋಸ್ 10ರ ನಂತರದ ಆವೃತ್ತಿಗಳಲ್ಲಿ ‘ಪ್ರವೇಶ ನಿರಾಕರಿಸಲಾಗಿದೆ’ ಎಂಬ ಉತ್ತರ ಸಾಮಾನ್ಯ. ಜನ ಇಲ್ಲಿಯೇ ಕೈಚೆಲ್ಲುತ್ತಾರೆ. ಇಲ್ಲಿ ಬೇಕಾದದ್ದು ಬಿಸಿಡಿಬೂಟ್. ಡಿಸ್ಕ್‌ಪಾರ್ಟ್ ಮೂಲಕ ಇಎಫ್‌ಐ ಪಾರ್ಟಿಷನ್ನಿಗೆ ಒಂದು ಅಕ್ಷರ ಕೊಟ್ಟು, ವಿಂಡೋಸ್ ಫೋಲ್ಡರ್ ಎಲ್ಲಿದೆಯೆಂದು ಬಿಸಿಡಿಬೂಟಿಗೆ ತೋರಿಸಿದರೆ ಅದು ಬೂಟ್ ಕಡತಗಳನ್ನು ಹೊಸದಾಗಿ ನಕಲು ಮಾಡುತ್ತದೆ, ಬಿಸಿಡಿಯನ್ನು ಕಟ್ಟುತ್ತದೆ, ಮದರ್‌ಬೋರ್ಡಿನ ಪಟ್ಟಿಯಲ್ಲಿ ವಿಂಡೋಸನ್ನು ಮೊದಲಿಗೆ ತರುತ್ತದೆ. ಒಂದು ಎಚ್ಚರ: ರಿಕವರಿ ಪರಿಸರದಲ್ಲಿ ಡ್ರೈವ್ ಅಕ್ಷರಗಳು ಬದಲಾಗಿರಬಹುದು. ದಿನವೂ ಸಿ ಎನ್ನುವುದು ಅಲ್ಲಿ ಡಿ ಆಗಿರಬಹುದು. ಪ್ರತಿ ಅಕ್ಷರದ ಒಳಗೆ ಏನಿದೆಯೆಂದು ಪಟ್ಟಿ ತೆಗೆದು ನೋಡಿದ ಮೇಲೆಯೇ ಆದೇಶ ಕೊಡಬೇಕು.

ಇವೆಲ್ಲಕ್ಕಿಂತ ಗಂಭೀರವಾದದ್ದು ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸಿನ ಬಿಟ್‌ಲಾಕರ್. ಉಳಿದ ಎಲ್ಲ ಸಂದರ್ಭಗಳಲ್ಲಿ ದತ್ತಾಂಶ ಸುರಕ್ಷಿತ ಎಂದು ಧೈರ್ಯವಾಗಿ ಹೇಳಬಹುದು, ಇಲ್ಲಿ ಹೇಳಲಾಗದು. ಇತ್ತೀಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದವರ ಡಿಸ್ಕು ಅವರಿಗೆ ಗೊತ್ತಿಲ್ಲದೆಯೇ ಎನ್‌ಕ್ರಿಪ್ಟ್ ಆಗಿರುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈ ವ್ಯವಸ್ಥೆ ಇನ್ನಷ್ಟು ಯಂತ್ರಗಳಿಗೆ ಹರಡಿದೆ. ಬೀಗದ ಕೀಲಿ ಟಿಪಿಎಂ ಎಂಬ ಚಿಪ್ಪಿನಲ್ಲಿರುತ್ತದೆ. ಯಂತ್ರ ಯಾವ ಕ್ರಮದಲ್ಲಿ ಎದ್ದಿತು, ಸಹಿ ಇರುವ ಬೂಟ್ ಪ್ರೋಗ್ರಾಮನ್ನಷ್ಟೇ ಓಡಲು ಬಿಡುವ ಸೆಕ್ಯೂರ್ ಬೂಟ್ ಹೇಗಿದೆ ಎಂಬುದನ್ನು ಆ ಚಿಪ್ಪು ಅಳೆಯುತ್ತದೆ, ಅಳತೆ ಹೊಂದದಿದ್ದರೆ ಕೀಲಿ ಕೊಡುವುದಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿದಾಗ, ಗ್ರಬ್ ಮೂಲಕ ವಿಂಡೋಸನ್ನು ಕರೆದಾಗ, ಬೂಟ್ ಕಡತ ಬದಲಿಸಿದಾಗ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಂಗ್ರಹವಾಗಿರುತ್ತದೆ. ಖಾತೆ ತೆರೆದುಕೊಟ್ಟವರು ಅಂಗಡಿಯವರೋ ಅಣ್ಣನೋ ಆಗಿದ್ದು, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದಿದ್ದರೆ ಆ ಡಿಸ್ಕಿನ ದತ್ತಾಂಶವನ್ನು ಯಾರೂ ತೆಗೆದುಕೊಡಲಾರರು. ಎರಡನೇ ಓಎಸ್ ಹಾಕುವುದಿರಲಿ, ತೆಗೆಯುವುದಿರಲಿ, ಮೊದಲು ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು, ಕೆಲಸ ಮುಗಿಯುವವರೆಗೆ ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಬೇಕು. ಇದೊಂದನ್ನು ನಾನು ಎಷ್ಟು ಸಲ ಬೇಕಾದರೂ ಹೇಳಲು ಸಿದ್ಧ.

ಈ ಚರ್ಚೆಯೆಲ್ಲ ಲಿನಕ್ಸ್ ತೆಗೆದು ವಿಂಡೋಸ್ ಉಳಿಸಿಕೊಂಡವರದು. ವಿಂಡೋಸ್ ತೆಗೆದು ಲಿನಕ್ಸ್ ಉಳಿಸಿಕೊಳ್ಳುವವರೂ ಈಗ ಇದ್ದಾರೆ, ಅದರಲ್ಲೂ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ. ಹಳೆಯ ಯಂತ್ರಕ್ಕೆ ವಿಂಡೋಸ್ 11 ಹಿಡಿಸದಿದ್ದಾಗ ಪಕ್ಕದಲ್ಲಿದ್ದ ಲಿನಕ್ಸನ್ನೇ ಪೂರ್ತಿ ನೆಚ್ಚಿಕೊಳ್ಳುವವರು ಇವರು. ಇವರಿಗೆ ಕಾದಿರುವ ಅಪಾಯ ಒಂದೇ, ಆದರೆ ದೊಡ್ಡದು. ವಿಂಡೋಸಿಗೆ ಸೇರಿದ್ದೆಂದು ತಿಳಿದು ಆ 100 ಎಂಬಿಯ ಇಎಫ್‌ಐ ಪಾರ್ಟಿಷನ್ನನ್ನೂ ಅಳಿಸಿದರೆ ಲಿನಕ್ಸಿನ ಬೂಟ್ ಕಡತಗಳೂ ಅದರ ಜೊತೆ ಹೋಗುತ್ತವೆ. ಆಗ ಲೈವ್ ಪೆನ್‌ಡ್ರೈವ್‌ನಿಂದ ಎದ್ದು, ಹೊಸ ಇಎಫ್‌ಐ ಪಾರ್ಟಿಷನ್ ಮಾಡಿ, ಮೂಲ ವ್ಯವಸ್ಥೆಯೊಳಗೆ ಸಿಎಚ್‌ರೂಟ್ ಮೂಲಕ ಹೊಕ್ಕು ಗ್ರಬ್ಬನ್ನು ಮರುಸ್ಥಾಪಿಸಬೇಕು. ಇದಕ್ಕಿಂತ ಸಣ್ಣ ಕಿರಿಕಿರಿ ಎಂದರೆ ಲಿನಕ್ಸ್ ಏಳಲು 90 ಸೆಕೆಂಡು ಹೆಚ್ಚು ತೆಗೆದುಕೊಂಡು, ಆಮೇಲೆ ಎಮರ್ಜೆನ್ಸಿ ಮೋಡ್‌ಗೆ ಬೀಳುವುದು. ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಅಳಿಸಿಹೋದ ವಿಂಡೋಸ್ ಡ್ರೈವಿನ ಸಾಲು ಉಳಿದಿದ್ದರೆ ಸಿಸ್ಟಂಡಿ ಅದಕ್ಕಾಗಿ ಅಷ್ಟು ಹೊತ್ತು ಕಾಯುತ್ತದೆ. ಆ ಸಾಲನ್ನು ತೆಗೆದರೆ ಸರಿಹೋಗುತ್ತದೆ. ಬೂಟ್ ಪಟ್ಟಿಯಲ್ಲಿ ಸತ್ತ ವಿಂಡೋಸಿನ ಹೆಸರು ಉಳಿದಿದ್ದರೆ ಪಟ್ಟಿಯನ್ನು ಹೊಸದಾಗಿ ಬರೆಸಿದರಾಯಿತು.

ಅವಸರದಲ್ಲಿ ಲಿನಕ್ಸಿನ ಬದಲು ದತ್ತಾಂಶದ ಪಾರ್ಟಿಷನ್ನನ್ನೇ ಡಿಲೀಟ್ ಮಾಡಿದವರಿಗೂ ಆಸೆ ಬಿಡುವ ಕಾರಣವಿಲ್ಲ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಹೊಲದಲ್ಲಿ ನಿಂತ ಬೆಳೆ ಮಾಯವಾಗುವುದಿಲ್ಲ. ಪಾರ್ಟಿಷನ್ ಪಟ್ಟಿಯಿಂದ ಒಂದು ನಮೂದು ಅಳಿದಾಗಲೂ ಆ ಜಾಗದ ಮೇಲೆ ಹೊಸದೇನೂ ಬರೆಯದಿದ್ದರೆ ಕಡತಗಳು ಇರುತ್ತವೆ. ಕ್ರಿಸ್ಟೋಫ್ ಗ್ರೆನಿಯೆ ಬರೆದು ಉಚಿತವಾಗಿ ಕೊಟ್ಟಿರುವ ಟೆಸ್ಟ್‌ಡಿಸ್ಕ್ ಇಡೀ ಡಿಸ್ಕನ್ನು ಜಾಲಾಡಿ ಕಳೆದ ಪಾರ್ಟಿಷನ್ನಿನ ಆದಿ–ಅಂತ್ಯ ಹುಡುಕಿ ಪಟ್ಟಿಗೆ ಮರಳಿ ಸೇರಿಸುತ್ತದೆ. ಆದರೆ ಅದಕ್ಕೂ ಮೊದಲು ಯಾರಾದರೂ ಫಾರ್ಮ್ಯಾಟ್ ಮಾಡಿದ್ದರೆ, ಅದರಲ್ಲೂ ಎಸ್‌ಎಸ್‌ಡಿಯಲ್ಲಿ, ಟ್ರಿಮ್ ಆದೇಶ ಹೋಗಿ ಹಳೆಯ ಕಡತಗಳು ಮರಳಿ ಸಿಗದಂತಾಗುತ್ತವೆ. ‘ಫಾರ್ಮ್ಯಾಟ್ ಮಾಡಿ ಆಮೇಲೆ ರಿಕವರಿ ಮಾಡೋಣ’ ಎಂಬ ಮಾತಿಗೆ ಯಾರೂ ಒಪ್ಪಬಾರದು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ನಷ್ಟ ಎರಡು ಪಟ್ಟು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಹಸ್ತಪ್ರತಿಗಳು, ಪೇಜ್‌ಮೇಕರಿನಲ್ಲಿ ಕಟ್ಟಿದ ಪುಸ್ತಕದ ಪುಟಗಳು ಲಿನಕ್ಸಿನಲ್ಲಿ ಸಾಮಾನ್ಯವಾಗಿ ಸರಿಯಾಗಿ ತೆರೆಯುವುದಿಲ್ಲ. ಲಿನಕ್ಸ್ ಹಾಕಿಕೊಂಡ ಕನ್ನಡಿಗರಲ್ಲಿ ಕೆಲವರು ವಿಂಡೋಸಿಗೆ ಮರಳುವುದೇ ಈ ಕಡತಗಳಿಗಾಗಿ. ಅದೇ ಮರಳುವ ದಾರಿಯಲ್ಲಿ ಬೂಟ್ ಕೆಟ್ಟು, ಫಾರ್ಮ್ಯಾಟ್ ಆಗಿ, ಯಾವುದಕ್ಕಾಗಿ ಮರಳಿದರೋ ಅದನ್ನೇ ಕಳೆದುಕೊಳ್ಳುವುದು ಎಂಥ ದುಃಖ!

ಇಷ್ಟು ಸಾಮಾನ್ಯ ಕೆಲಸಕ್ಕೆ ಇಷ್ಟು ತಿಳಿವಳಿಕೆ ಏಕೆ ಬೇಕಾಗಬೇಕು? ಸಣ್ಣದೊಂದು ಪ್ರೋಗ್ರಾಮಿಗೂ ಅನ್‌ಇನ್‌ಸ್ಟಾಲ್ ಗುಂಡಿ ಇರುವಾಗ ಓಎಸ್‌ಗೆ ಇಲ್ಲ. ಇದು ಅಸಾಧ್ಯವೇನಲ್ಲ. 2008ರ ಉಬುಂಟು 8.04 ಜೊತೆ ಬಂದ ವೂಬಿ ವಿಂಡೋಸಿನ ಒಳಗೇ ಒಂದು ದೊಡ್ಡ ಕಡತವಾಗಿ ಉಬುಂಟುವನ್ನು ಹಾಕುತ್ತಿತ್ತು. ಮೊದಲ ಸೆಕ್ಟರನ್ನು ಮುಟ್ಟದೆ ವಿಂಡೋಸಿನ ಬೂಟ್ ಪಟ್ಟಿಗೇ ತನ್ನ ಹೆಸರು ಸೇರಿಸುತ್ತಿತ್ತು. ಬೇಡವಾದಾಗ ಕಂಟ್ರೋಲ್ ಪ್ಯಾನೆಲ್ಲಿನಿಂದ ಬೇರೆ ಪ್ರೋಗ್ರಾಮುಗಳಂತೆಯೇ ತೆಗೆದುಹಾಕಬಹುದಿತ್ತು. ವಿಂಡೋಸ್ 8, ಯುಇಎಫ್‌ಐ ಬಂದ ಮೇಲೆ ಅದು ಹೊಂದಿಕೊಳ್ಳದ್ದರಿಂದ 13.04ರ ಹೊತ್ತಿಗೆ ಅದನ್ನು ಕೈಬಿಟ್ಟರು. ಇಂಟೆಲ್ ಮ್ಯಾಕ್‌ಗಳ ಬೂಟ್ ಕ್ಯಾಂಪಿನಲ್ಲಿ ವಿಂಡೋಸನ್ನು ತೆಗೆದು ಡಿಸ್ಕನ್ನು ಮೊದಲಿನಂತೆ ಒಂದು ಮಾಡುವ ಆಯ್ಕೆ ಇತ್ತು. ಬರುವಾಗಲೇ ಹೋಗುವ ದಾರಿಯನ್ನೂ ಯೋಚಿಸಿದ್ದ ಈ ಎರಡೂ ವಿನ್ಯಾಸಗಳನ್ನು ನಾನು ಗೌರವದಿಂದ ನೆನೆಯುತ್ತೇನೆ. ಇಂದಿನ ಲಿನಕ್ಸ್ ಇನ್‌ಸ್ಟಾಲರುಗಳು ‘ವಿಂಡೋಸ್ ಪಕ್ಕದಲ್ಲಿ ಹಾಕು’ ಎಂಬ ಆಯ್ಕೆಯನ್ನು ಅಕ್ಕರೆಯಿಂದ ಕೊಡುತ್ತವೆ, ‘ನನ್ನನ್ನು ತೆಗೆ’ ಎಂಬುದನ್ನು ಕೊಡುವುದಿಲ್ಲ. ಅತ್ತ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ತಾನು ಅಳಿಸುತ್ತಿರುವ ಪಾರ್ಟಿಷನ್ ಮೇಲೆ ಬೂಟ್ ನಿಂತಿದೆಯೋ ಎಂದು ನೋಡುವ ಕಾಳಜಿಯಿಲ್ಲ. ಒಂದು ಎಚ್ಚರಿಕೆಯ ಸಾಲು ತೋರಿಸಿದ್ದರೂ ಸಾಕಿತ್ತು.

ಸೆಕ್ಯೂರ್ ಬೂಟ್ ಈ ಸಂಬಂಧವನ್ನು ಇನ್ನಷ್ಟು ಸೂಕ್ಷ್ಮವಾಗಿಸಿದೆ. 2012ರಲ್ಲಿ ಮ್ಯಾಥ್ಯೂ ಗ್ಯಾರೆಟ್ ರೂಪಿಸಿದ ಶಿಮ್ ಎಂಬ ಪುಟ್ಟ ಪ್ರೋಗ್ರಾಂ ಮೈಕ್ರೋಸಾಫ್ಟಿನ ಸಹಿ ಪಡೆದು ಲಿನಕ್ಸಿಗೆ ಬಾಗಿಲು ತೆರೆಯಿತು. 2024ರ ಆಗಸ್ಟಿನಲ್ಲಿ ವಿಂಡೋಸಿನ ಒಂದು ಅಪ್‌ಡೇಟ್ ಹಳೆಯ, ದೋಷವಿರುವ ಬೂಟ್‌ಲೋಡರುಗಳನ್ನು ತಡೆಯಲು ಹೊರಟು, ಎರಡು ಓಎಸ್ ಇದ್ದ ಅನೇಕ ಯಂತ್ರಗಳಲ್ಲಿ ಲಿನಕ್ಸ್ ಏಳದಂತೆ ಮಾಡಿತು. ಎರಡು ಓಎಸ್ ಇರುವ ಯಂತ್ರಗಳಿಗೆ ಇದನ್ನು ಅನ್ವಯಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತ್ತು. ಭದ್ರತೆಯ ಉದ್ದೇಶ ಸರಿಯೇ, ಆದರೆ ಪಕ್ಕದಲ್ಲಿರುವ ಓಎಸ್ಸಿಗೆ ಹೇಳದೆ ಬಾಗಿಲ ಬೀಗ ಬದಲಿಸುವುದನ್ನು ಒಪ್ಪಲಾಗದು.

ಎರಡನೇ ಓಎಸ್ಸನ್ನೇ ಡಿಸ್ಕಿಗೆ ಹಾಕದೆ ಕೆಲಸ ಸಾಗಿಸುವ ದಾರಿಗಳೂ ಈಗ ಬಲವಾಗಿವೆ. ಲೆಕ್ಸ್, ಯಾಕ್, ಸಿ, ಪೈಥಾನ್ ಮಟ್ಟದ ಲ್ಯಾಬ್ ಕೆಲಸಕ್ಕೆ 2016ರಲ್ಲಿ ಬಂದ ಡಬ್ಲ್ಯೂಎಸ್‌ಎಲ್ ಸಾಕು. ವಿಂಡೋಸಿನ ಒಳಗೇ ಲಿನಕ್ಸ್ ಓಡುತ್ತದೆ, ತೆಗೆಯುವುದಕ್ಕೆ ಒಂದು ಆದೇಶ ಸಾಕು. ವರ್ಚುವಲ್ ಯಂತ್ರವೂ ಹಾಗೆಯೇ. ಆದರೂ ಲಿನಕ್ಸನ್ನು ನಿಜವಾಗಿ ಕಲಿಯಬೇಕೆನ್ನುವವರಿಗೆ ಅದನ್ನು ಡಿಸ್ಕಿಗೆ ಹಾಕಿ ಬಳಸುವುದರ ಲಾಭ ಬೇರೆಯೇ. ಬೂಟ್ ಕೆಟ್ಟೀತೆಂಬ ಭಯಕ್ಕೆ ಆ ದಾರಿಯನ್ನು ಬಿಡಬೇಕಾಗಿಲ್ಲ.

ತೆಗೆಯುವಾಗ ಅನುಸರಿಸಬೇಕಾದ ಕ್ರಮ ಜನ ಸಾಮಾನ್ಯವಾಗಿ ಮಾಡುವುದಕ್ಕೆ ನೇರ ತಿರುಗುಮುರುಗು. ಮೊದಲು ಬಿಟ್‌ಲಾಕರ್ ಕೀ ಬರೆದಿಟ್ಟು, ಫರ್ಮ್‌ವೇರ್ ಪಟ್ಟಿಯಲ್ಲಿ ವಿಂಡೋಸನ್ನು ಮೇಲೆ ತಂದು, ಗ್ರಬ್ ಇಲ್ಲದೆ ಅದು ನೇರವಾಗಿ ಏಳುತ್ತದೆಯೇ ಎಂದು ಪರೀಕ್ಷಿಸಬೇಕು. ಎದ್ದರೆ ಮಾತ್ರ ಲಿನಕ್ಸ್ ಪಾರ್ಟಿಷನ್ ಅಳಿಸಬೇಕು. ಆಮೇಲೆ ಇಎಫ್‌ಐ ಪಾರ್ಟಿಷನ್ನಿನಲ್ಲಿ ಉಳಿದ ಉಬುಂಟು ಫೋಲ್ಡರನ್ನು ತೆಗೆದು, ಮದರ್‌ಬೋರ್ಡಿನ ಪಟ್ಟಿಯಿಂದ ಅದರ ಹೆಸರನ್ನು ಬಿಸಿಡಿಎಡಿಟ್ ಮೂಲಕ ಅಳಿಸಬಹುದು. ಮೈಕ್ರೋಸಾಫ್ಟ್ ಮತ್ತು ಬೂಟ್ ಎಂಬ ಫೋಲ್ಡರುಗಳ ತಂಟೆಗೆ ಹೋಗಕೂಡದು.

ಬಿಡುಗಡೆಯಾದ ಜಾಗವನ್ನು ಸಿ ಡ್ರೈವಿಗೆ ಸೇರಿಸಲು ಹೋದಾಗ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಸುಕಾಗಿ ಕಂಡರೆ ಅದಕ್ಕೆ ಕಾರಣ ನಡುವೆ ಕೂತಿರುವ ವಿಂಡೋಸಿನ ರಿಕವರಿ ಪಾರ್ಟಿಷನ್. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಆ ಡ್ರೈವಿನ ಬಲಕ್ಕೆ ತಾಗಿಕೊಂಡ ಖಾಲಿ ಜಾಗವಷ್ಟೇ ಬೇಕು. ರಿಕವರಿ ಪಾರ್ಟಿಷನ್ನನ್ನು ಅಳಿಸಿಬಿಡುವ ಸಲಹೆ ಎಲ್ಲೆಡೆ ಸಿಗುತ್ತದೆ, ಆದರೆ ಮುಂದೊಮ್ಮೆ ಬೂಟ್ ಕೆಟ್ಟರೆ ದುರಸ್ತಿಗೆ ಬೇಕಾದ ಕಮಾಂಡ್ ಪ್ರಾಂಪ್ಟ್ ಇರುವುದು ಅದರಲ್ಲೇ. ಲೈವ್ ಪೆನ್‌ಡ್ರೈವಿನ ಜಿಪಾರ್ಟೆಡ್‌ನಿಂದ ಅದನ್ನು ಡಿಸ್ಕಿನ ತುದಿಗೆ ಸರಿಸಬಹುದು. ಅಷ್ಟು ಸಾಹಸ ಬೇಡವೆನಿಸಿದವರು ಖಾಲಿ ಜಾಗವನ್ನು ಹೊಸ ಡ್ರೈವಾಗಿ ಮಾಡಿಕೊಂಡು ಫೋಟೊ, ದಾಖಲೆಗಳನ್ನು ಅಲ್ಲಿಗೆ ಸಾಗಿಸಲಿ.